ಬಯಲಾಟದ ನಾಡಿನಲ್ಲಿ ಮಕ್ಕಳ ಓದು

ಬಳ್ಳಾರಿ ಎಂದ ಕೂಡಲೇ ಹೊರಗಿನವರಿಗೆ ನೆನಪಾಗುವುದು ಬಿಸಿಲು, ಕೆಂಪು ಧೂಳು, ಅದಿರಿನ ಲಾರಿ. ಊರೊಳಗೆ ಕಾಲಿಟ್ಟು ನಾಲ್ಕು ಜನರ ಜೊತೆ ಮಾತಾಡಿದವರಿಗೆ ಮಾತ್ರ ಇದು ನಾಟಕದ ಊರೆಂದು ತಿಳಿಯುತ್ತದೆ. ವಕೀಲರಾಗಿದ್ದ ಬಳ್ಳಾರಿ ರಾಘವರು (1880–1946) ಕನ್ನಡ, ತೆಲುಗು, ಇಂಗ್ಲಿಷ್ ಮೂರು ಭಾಷೆಗಳಲ್ಲೂ ಬಣ್ಣ ಹಚ್ಚಿದರು. ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಆ ಕಾಲದಲ್ಲೇ ಹೇಳಿದರು. ಅವರ ಹೆಸರಿನ ರಾಘವ ಕಲಾಮಂದಿರ ಇಂದಿಗೂ ಊರಿನ ಹೆಮ್ಮೆ. 2020ರಲ್ಲಿ ತೀರಿಕೊಂಡ ಸುಭದ್ರಮ್ಮ ಮನ್ಸೂರು, ತೊಗಲುಗೊಂಬೆಗಳಿಗೆ ಜೀವ ತುಂಬಿ 2023ರಲ್ಲಿ ನಮ್ಮನ್ನಗಲಿದ ಬೆಳಗಲ್ಲು ವೀರಣ್ಣ, ಇವರೂ ಇದೇ ನೆಲದವರು.

ಇಂಥ ಊರಿನಲ್ಲೂ ತಾಯಂದಿರ ಕೊರಗು ಎಲ್ಲ ಕಡೆಯಂತೆಯೇ. "ಅಕ್ಷರ ಎಲ್ಲಾ ಬರ್ತಾವ್ರೀ. ಆದ್ರ ಪುಸ್ತಕ ಕೈಗೆ ಕೊಟ್ರ ನಿದ್ದಿ ಬರ್ತೈತಿ ಅಂತಾನ!" ಇದರಲ್ಲಿ ಮಗುವಿನ ತಪ್ಪು ಕಡಿಮೆ. ಬಳ್ಳಾರಿ 1953ರವರೆಗೆ ಮದ್ರಾಸ್ ಪ್ರಾಂತ್ಯದಲ್ಲಿದ್ದ ಗಡಿನಾಡು. ಇಲ್ಲಿ ಎಷ್ಟೋ ಮನೆಗಳಲ್ಲಿ ತೆಲುಗು, ಉರ್ದು ಅಥವಾ ಲಂಬಾಣಿ ಮಾತು. ಕನ್ನಡದ ಮನೆಯಲ್ಲೂ ಆಡುವ ಕನ್ನಡವೇ ಬೇರೆ, ಪುಸ್ತಕದ ಕನ್ನಡವೇ ಬೇರೆ. ಕಿವಿಗೆ ಪರಿಚಯವಿಲ್ಲದ ಮಾತನ್ನು ಕಣ್ಣು ಓದಿದರೆ ಮಗುವಿಗೆ ಅದು ಬರೀ ಕಲ್ಲಿನ ಸಾಲು.

ಇದಕ್ಕೆ ಮದ್ದು ಏನೆಂದು ಕೇಳುವಿರಾ? ಬಳ್ಳಾರಿಯಿಂದ ಕುರುಗೋಡಿನ ಬಸ್ಸು ಹತ್ತಿ ಬನ್ನಿ.

ಕುರುಗೋಡು ಸಿಂದ ಅರಸರು ಆಳಿದ ಹಳೆಯ ಊರು. ಸುತ್ತಲೂ ಬಂಡೆಯ ಗುಡ್ಡ, ಅಲ್ಲಲ್ಲಿ ಕಲ್ಲಿನ ಗುಡಿ. ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ನಂದಿಯನ್ನು ತಲೆಯೆತ್ತಿಯೇ ನೋಡಬೇಕು. ಮಕ್ಕಳನ್ನು ಕರೆದುಕೊಂಡು ಹೋದರೆ ಸುಮ್ಮನೆ ಕೈಮುಗಿಸಿ ತರಬೇಡಿ. "ಈ ಬಸವಣ್ಣ ರಾತ್ರಿ ಎದ್ದು ಮಾತಾಡಿದ್ರೆ ಏನಂತಾನೆ?" ಎಂದು ಕೇಳಿ ನೋಡಿ. ಒಬ್ಬ ಬಸವಣ್ಣನಾಗುತ್ತಾನೆ, ಇನ್ನೊಬ್ಬಳು ಪೂಜಾರಿಯಾಗುತ್ತಾಳೆ. ಮನೆಗೆ ಬಂದ ಮೇಲೆ ಆ ಮಾತುಗಳನ್ನೇ ಹಾಳೆಯ ಮೇಲೆ ಬರೆದುಕೊಡಿ. ತಾನೇ ಆಡಿದ ಮಾತನ್ನು ಓದಲು ಯಾವ ಮಗು ಬೇಸರಪಟ್ಟೀತು?

ಈ ಸೀಮೆಯ ಹಳ್ಳಿಗಳಲ್ಲಿ ಬಯಲಾಟ ಕಲಿಯುವ ಕ್ರಮವೂ ಇದೇ. ಸುಗ್ಗಿ ಮುಗಿದ ಮೇಲೆ ಮಾಸ್ತರರು ಪ್ರತಿ ಹಿಡಿದು ಕೂರುತ್ತಾರೆ. ಅವರು ಓದಿ ಹೇಳುತ್ತಾರೆ, ಪಾತ್ರಧಾರಿಗಳು ತಿರುಗಿ ಹೇಳುತ್ತಾರೆ. ಶಾಲೆಯ ಮೆಟ್ಟಿಲು ಹತ್ತದ ರೈತನ ಬಾಯಲ್ಲೂ ಅರ್ಜುನನ ಮಾತು, ಪದ, ಕಂದ ನಿಂತುಬಿಡುತ್ತವೆ. ಮೊದಲು ಕಿವಿ, ಆಮೇಲೆ ನಾಲಿಗೆ, ಆಮೇಲೆ ಕಣ್ಣು. ನಾಲಿಗೆಗೆ ಗೊತ್ತಿರುವ ಮಾತನ್ನು ಹಾಳೆಯಲ್ಲಿ ಹುಡುಕುವುದು ಮಗುವಿಗೆ ಕಣ್ಣಾಮುಚ್ಚಾಲೆಯಷ್ಟೇ ಖುಷಿ. ಒಂದೇ ಪಾಠವನ್ನು ಹತ್ತು ಸಲ ಓದೆಂದರೆ ಅಳುವ ಮಗು, ತಾಲೀಮು ಎಂದರೆ ಇಪ್ಪತ್ತು ಸಲ ಓದುತ್ತದೆ! 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ 'ನಲಿ-ಕಲಿ' ಕೂಡ ಆಟ, ಹಾಡುಗಳನ್ನೇ ನಂಬಿ ಹುಟ್ಟಿದ್ದು.

ಕುರುಗೋಡಿನಿಂದ ಸಿರುಗುಪ್ಪದತ್ತ ಹೊರಟರೆ ಬಂಡೆಗಳು ಹಿಂದೆ ಸರಿದು ಭತ್ತದ ಗದ್ದೆ ಎದುರಾಗುತ್ತದೆ. ತುಂಗಭದ್ರೆಯ ನೀರು ಕಂಡ ನೆಲ. ಸಿರಿಯ ಗುಪ್ಪೆ ಎಂದರೆ ಸಂಪತ್ತಿನ ರಾಶಿ, ಅದೇ ಸಿರುಗುಪ್ಪ ಎಂದು ಊರಿನ ಹೆಸರನ್ನು ಬಿಡಿಸಿ ಹೇಳುತ್ತಾರೆ. ಬಸ್ಸಿನ ಬೋರ್ಡು, ಅಕ್ಕಿ ಗಿರಣಿಯ ಫಲಕಗಳನ್ನು ಮಕ್ಕಳಿಂದಲೇ ಓದಿಸುತ್ತ ಹೋಗಬಹುದು. ನದಿಯ ದಡದ ಕೆಂಚನಗುಡ್ಡದಲ್ಲಿ ಬುತ್ತಿ ಬಿಚ್ಚಿ ಕೂತರೆ ನದಿ, ಮೀನು, ಅಂಬಿಗ ಎಂದು ಒಂದು ಪುಟ್ಟ ಆಟವೇ ಸಿದ್ಧ.

ಆದರೆ ನಾಟಿ, ಕೊಯ್ಲಿನ ದಿನಗಳಲ್ಲಿ ದುಡಿಯುವ ತಾಯಿಗೆ ಬಿಡುವೆಲ್ಲಿ? "ನನಗೇ ಓದು ಬರಲ್ಲ, ಮಗೂಗೆ ಏನು ಹೇಳಿಕೊಡ್ಲಿ?" ಎಂದು ಹಿಂಜರಿಯುವವರೂ ಇದ್ದಾರೆ. ಅಂಥ ತಾಯಿಗೇ ಈ ದಾರಿ ಹೆಚ್ಚು ಹತ್ತಿರ. ಕಥೆ ಹೇಳಲು ಅಕ್ಷರ ಬೇಡ. ಪ್ರೇಕ್ಷಕಳಾಗಿ ಕೂರಲು ಅಕ್ಷರ ಬೇಡವೇ ಬೇಡ. ಮಗು ಓದುತ್ತದೆ, ತಾಯಿ ಕೇಳುತ್ತಾಳೆ. ಕೇಳುವವರಿದ್ದರೆ ತಾನೇ ಓದಿಗೆ ಬೆಲೆ!

ರಾತ್ರಿ ಅಡುಗೆಮನೆ ಕೆಲಸ ಮುಗಿದ ಮೇಲೆ ಹದಿನೈದು ನಿಮಿಷ ಸಾಕು. ಹೀಗೆ ಮಾಡಿ ನೋಡಿ:

ಮಗುವಿಗೆ ಗೊತ್ತಿರುವ ಕಥೆಯನ್ನೇ ಆರಿಸಿ. ಪುಣ್ಯಕೋಟಿ ಆದೀತು, ಕಾಗೆ-ಗುಬ್ಬಿ ಆದೀತು. ಒಬ್ಬೊಬ್ಬರಿಗೆ ನಾಲ್ಕೈದು ಮಾತು ಇರಲಿ. ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಆ ಮಾತುಗಳನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ನಿಮಗೆ ಬಾರದಿದ್ದರೆ ದೊಡ್ಡ ಮಗಳೋ ಪಕ್ಕದ ಮನೆಯ ಹುಡುಗನೋ ಬರೆದುಕೊಡಲಿ.

ರಟ್ಟಿನಲ್ಲಿ ಹುಲಿ, ಹಸು ಕತ್ತರಿಸಿ ಪೊರಕೆ ಕಡ್ಡಿಗೆ ಅಂಟಿಸಿ. ಬಿಳಿ ಪಂಚೆ ಕಟ್ಟಿ ಹಿಂದಿನಿಂದ ಟಾರ್ಚು ಬಿಟ್ಟರೆ ಮನೆಯಲ್ಲೇ ತೊಗಲುಗೊಂಬೆ ಆಟ. ದೀಪ, ಮೇಣದ ಬತ್ತಿ ಮಾತ್ರ ಬಟ್ಟೆಯ ಹತ್ತಿರ ತರಬೇಡಿ.

ನಾಚಿಕೆಯ ಮಗುವನ್ನು ಎಳೆದು ಮುಂದೆ ನಿಲ್ಲಿಸಬೇಡಿ. ಕಂಪನಿ ನಾಟಕಗಳಲ್ಲಿ ಪರದೆಯ ಮರೆಯಲ್ಲಿ ನಿಂತು ಮಾತು ನೆನಪಿಸುವ ಪ್ರಾಂಪ್ಟರ್ ಇರುತ್ತಿದ್ದ, ನೆನಪಿದೆಯೇ? ಆ ಕೆಲಸ ಕೊಡಿ. ಎಲ್ಲರ ಮಾತನ್ನೂ ಓದಬೇಕಾದವನು ಅವನೇ!

ಹುಡುಗಿಗೆ ಯಾವಾಗಲೂ ಅಮ್ಮನ ಪಾರ್ಟೇ ಬೇಡ, ರಾಜನ ಪಾರ್ಟೂ ಸಿಗಲಿ. ಮಗು ತಡವರಿಸಿದಾಗ ನಡುವೆ ತಿದ್ದಬೇಡಿ, ಆಟ ಮುಗಿಯಲಿ. "ಪಕ್ಕದ ಮನೆ ಹುಡುಗಿ ನೋಡು" ಎಂಬ ಮಾತಂತೂ ಬೇಡವೇ ಬೇಡ.

ಆಟ ರುಚಿಸಿದ ಮೇಲೆ ಇನ್ನಷ್ಟು ಕಥೆಗೆ ಮಗುವೇ ಕಾಡುತ್ತದೆ. ಅದೇ ಸರಿಯಾದ ಹೊತ್ತು, ಆಗ ಗ್ರಂಥಾಲಯಕ್ಕೆ ಕರೆದೊಯ್ಯಿರಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟವು. ಈಗ ಅವಕ್ಕೆ 'ಅರಿವು ಕೇಂದ್ರ' ಎಂದು ಹೆಸರು. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ', ಮಕ್ಕಳ ನಾಟಕ 'ನನ್ನ ಗೋಪಾಲ' ಕೇಳಿ ನೋಡಿ. ಪುಸ್ತಕವನ್ನು ಮಗುವೇ ಆರಿಸಲಿ, ಮಗುವೇ ಎತ್ತಿಕೊಂಡು ಬರಲಿ. ಆ ರಾತ್ರಿ ನೀವು ಮಾಡಬೇಕಾದ್ದು ಇಷ್ಟೇ: ಕೈ ಒರೆಸಿಕೊಂಡು ಬಂದು ಮುಂದಿನ ಸಾಲಿನಲ್ಲಿ ಕೂರುವುದು.