ನಾವು ಚಿತ್ರ ಕಲಿಯಹೊರಟುದು

ವಯಸ್ಸಾದ ಮೇಲೆ ಹೊಸ ವಿದ್ಯೆಗೆ ಕೈಯಿಕ್ಕುವವರನ್ನು ಕಂಡರೆ ನಮ್ಮ ಜನ ಎರಡು ಬಗೆಯಾಗಿ ನಡೆದುಕೊಳ್ಳುವರು. ವಿದ್ಯೆಯು ಸಂಸ್ಕೃತವೋ ವೇದಾಂತವೋ ಆಗಿದ್ದರೆ ಕೈಮುಗಿಯುವರು. ಸಂಗೀತವಾಗಿದ್ದರೆ, ಒಂದಿಷ್ಟು ನಕ್ಕರೂ, ಭಜನೆಗಾದರೂ ಒದಗೀತೆಂದು ಸುಮ್ಮನಾಗುವರು. ಚಿತ್ರಕಲೆಯೆಂದರೆ ಮಾತ್ರ, ಮಕ್ಕಳ ಕೈಯಿಂದ ಬಣ್ಣದ ಪೆಟ್ಟಿಗೆಯನ್ನು ಕಸಿದುಕೊಂಡವರನ್ನು ನೋಡುವಂತೆ ನೋಡುವರು. ಸಹಕಾರಿ ಸಂಘದ ಲೆಕ್ಕದ ಪುಸ್ತಕಗಳ ನಡುವೆ 26 ವರ್ಷ ಕಳೆದ ನಾವು ನಮ್ಮ 48ನೆಯ ವಯಸ್ಸಿನಲ್ಲಿ ಭಾನುವಾರದ ಚಿತ್ರಶಾಲೆಗೆ ಸೇರಿದೆವೆಂಬ ಸುದ್ದಿ ಹೆಬಳೆಯಲ್ಲಿ ಹಬ್ಬುವುದಕ್ಕೆ ಒಂದು ವಾರವೂ ಬೇಕಾಗಲಿಲ್ಲ. ಅದೂ ದೇವರ ಪಟವನ್ನೋ ಹಿರಿಯರ ಭಾವಚಿತ್ರವನ್ನೋ ಬರೆಯುವ ವಿದ್ಯೆಯಲ್ಲ, ಸಮಕಾಲೀನ ಕಲೆಯಂತೆ ಎಂದು ತಿಳಿದ ಮೇಲೆ, ಕೇಳಬೇಕೆಂದಿದ್ದವರೂ ಕೇಳದೆ ಹೋದರು.

ಭಟ್ಕಳ ಪೇಟೆಗೆ ಹೊಂದಿದಂತೆ ಕಡಲಿನ ಮಗ್ಗುಲಲ್ಲಿರುವ ನಮ್ಮ ಊರಿನಲ್ಲಿ ಚಿತ್ರ ಕಲಿಸುವ ಶಾಲೆಯಿಲ್ಲ. ನಾವು ಸೇರಿದುದು ಉಡುಪಿಯ ಒಂದು ಸಣ್ಣ ಕಲಾಶಾಲೆಗೆ. ಹೆದ್ದಾರಿಯಲ್ಲಿ ಹೋದರೆ ಸುಮಾರು 90 ಕಿಲೋಮೀಟರುಗಳ ದಾರಿ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ್ದರಿಂದ ನಮ್ಮಂಥವರಿಗೆ ಇದು ಒಂದು ದಿನದ ಮಾತಾಯಿತು. ಇಲ್ಲದಿದ್ದರೆ ಈ ವ್ಯಾಸಂಗವು ಆಸೆಯಲ್ಲಿಯೇ ಉಳಿಯತಕ್ಕದ್ದಾಗಿತ್ತು. ಆರು ದಿನ ಬಡ್ಡಿ, ಅಸಲು, ಷೇರುಹಣ. ಏಳನೆಯ ದಿನ ಇದ್ದಿಲು ಕಡ್ಡಿ.

ನಮ್ಮ ಜಿಲ್ಲೆಗೆ ಚಿತ್ರದ ಪರೀಕ್ಷೆ ಹೊಸದೇನಲ್ಲ. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿ ಪ್ರಾಂತಕ್ಕೆ ಸೇರಿಸಿದ ಮೇಲೆ, ಅಲ್ಲಿಯ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಎಂಬ ಡ್ರಾಯಿಂಗ್ ಪರೀಕ್ಷೆಗಳಿಗೆ ನಮ್ಮ ಕಡೆಯ ಹುಡುಗರೂ ಕುಳಿತುದುಂಟು. ಹೂದಾನಿಯ ಎಡಬಲಗಳು ಸಮವಾಗಿದ್ದರೆ ಅಂಕ, ಓರೆಯಾದರೆ ಇಲ್ಲ. ನಾವು ಬಾಲ್ಯದಲ್ಲಿ ಕಲಿತುದೂ ಅಷ್ಟೆ. ಆ ಶಿಕ್ಷಣವನ್ನು ಹಳಿಯುವುದು ಸಲ್ಲದು, ಅದರಿಂದ ಕೈ ಹದವಾಗುತ್ತದೆ. ಆದರೆ ಕಣ್ಣಿಗೆ ಅದು ಏನನ್ನೂ ಕೇಳುವುದಿಲ್ಲ.

ಹೊಸ ಶಾಲೆಯ ಮೊದಲ ಪಾಠದಲ್ಲಿಯೇ ಈ ಭೇದ ತಿಳಿಯಿತು. ಗುರುಗಳು ನಮಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ನಮ್ಮನ್ನು "ಸರ್" ಎನ್ನುವರು, ನಾವು ಅವರನ್ನು "ಸರ್" ಎನ್ನುವೆವು; ತರಗತಿಯ ಎಳೆಯರಿಗೆ ಇದೊಂದು ವಿನೋದ. ಒಂದು ಕುರ್ಚಿಯನ್ನು ಮೇಜಿನ ಮೇಲಿಟ್ಟು ಅವರು ಹೇಳಿದರು: "ಕುರ್ಚಿಯನ್ನು ಬರೆಯಬೇಡಿ. ಕಾಲುಗಳ ನಡುವೆ ಇರುವ ಬಯಲನ್ನು ಬರೆಯಿರಿ." ಬಯಲನ್ನು ಬರೆಯುವುದೆಂತು? ಅರ್ಧ ಗಂಟೆ ತಿಣುಕಿದ ಮೇಲೆ, ಆ ಖಾಲಿ ಜಾಗಗಳಿಗೂ ಒಂದೊಂದು ಆಕಾರವುಂಟೆಂದೂ, ಅವುಗಳನ್ನು ಸರಿಯಾಗಿ ಹಿಡಿದರೆ ಕುರ್ಚಿಯು ತಾನಾಗಿ ಬಂದು ನಿಲ್ಲುವುದೆಂದೂ ಕಂಡಿತು. ಮತ್ತೊಂದು ವಾರ ಕಾಗದವನ್ನು ನೋಡದೆ, ನಮ್ಮ ಎಡಗೈಯ ಅಂಚನ್ನಷ್ಟೇ ಕಣ್ಣಿನಿಂದ ಇರುವೆಯಂತೆ ಹಿಂಬಾಲಿಸುತ್ತ ಗೆರೆ ಎಳೆಯಬೇಕೆಂದರು. ಗೆರೆಯು ಕೈಯಂತೆ ಕಾಣಲಿಲ್ಲ. ಆದರೆ ಕಿರುಬೆರಳಿನ ಬುಡದಲ್ಲಿ ಒಂದು ಹಳೆಯ ಗಾಯದ ಗುರುತಿರುವುದನ್ನು ಅದೆಷ್ಟೋ ವರ್ಷಗಳ ಮೇಲೆ ಕಂಡೆವು.

ಮಳೆಗಾಲದ ಕಷ್ಟವನ್ನು ಮಾತ್ರ ಬರೆದು ಮುಗಿಯದು. ಜೂನಿನಿಂದ ಸೆಪ್ಟೆಂಬರಿನವರೆಗೆ ನಮ್ಮ ಕರಾವಳಿಯಲ್ಲಿ ಉಪ್ಪೇ ನೀರಾಗುವಾಗ ಜಲವರ್ಣ ಒಣಗುವುದೆಂತು? ಕಾಗದದ ಮೇಲೆ ಬೂಷ್ಟು ಬಂದು, ನಾವು ಬರೆಯದ ಚುಕ್ಕೆಗಳು ಮೂಡಿದುವು. ಗುರುಗಳು ಅವನ್ನೇ ಮೆಚ್ಚಿಕೊಂಡರೆಂಬುದು ಬೇರೆ ಮಾತು.

ತಡವಾಗಿ ಶಿಷ್ಯರಾದವರ ಸಾಲಿನಲ್ಲಿ ದೊಡ್ಡವರ ಹೆಸರುಗಳಿರುವುದು ನಮಗೆ ಧೈರ್ಯ ಕೊಟ್ಟಿತು. ಉಡುಪಿಯ ಬಳಿಯ ಕಟ್ಟಿಂಗೇರಿಯಲ್ಲಿ 1911ರಲ್ಲಿ ಹುಟ್ಟಿದ ಕೆ. ಕೆ. ಹೆಬ್ಬಾರರು, ಮುಂಬಯಿಯ ಜೆ. ಜೆ. ಕಲಾಶಾಲೆಯಲ್ಲಿ ಓದಿ, ಅಲ್ಲಿಯೇ ಉಪಾಧ್ಯಾಯರೂ ಆಗಿ ಹೆಸರು ಪಡೆದ ಮೇಲೆ, 1949ರಲ್ಲಿ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾಂ ಎಂಬ ಶಾಲೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕುಳಿತರು. ಗೆರೆಗೆ ಲಯ ಬರಬೇಕೆಂದು ಅವರು ಕಥಕ್ ನೃತ್ಯವನ್ನೂ ಅಭ್ಯಾಸ ಮಾಡಿದ್ದರು. ಮೈಸೂರಿನ ಕೆ. ವೆಂಕಟಪ್ಪನವರು ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರಿಂದ ಚಿತ್ರ ಕಲಿತು ಮರಳಿದ ಮೇಲೆ ವೀಣೆ ಶೇಷಣ್ಣನವರ ಶಿಷ್ಯರಾದರು. ರವೀಂದ್ರನಾಥರದು ಇನ್ನೂ ದೊಡ್ಡ ಕತೆ. 1883ರಲ್ಲಿ, 22ರ ಪ್ರಾಯದಲ್ಲಿ, ಕಾರವಾರದಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಯಲ್ಲಿ ಕೆಲವು ಕಾಲ ಇದ್ದು, ನಮ್ಮದೇ ಜಿಲ್ಲೆಯ ಕಡಲನ್ನು ನೋಡುತ್ತ ನಾಟಕ ಬರೆದವರು ಅವರು. ಚಿತ್ರಗಾರರಾಗಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನವನ್ನಿಟ್ಟಾಗ 1930 ಬಂದಿತ್ತು, ಅವರಿಗೆ 69 ವರ್ಷ. ಹಸ್ತಪ್ರತಿಯಲ್ಲಿ ಹೊಡೆದುಹಾಕಿದ ಮಾತುಗಳನ್ನು ಒಂದಕ್ಕೊಂದು ಗೆರೆಯಿಂದ ಕೂಡಿಸುತ್ತ ಹೋಗಿ ಅವರು ಚಿತ್ರಕ್ಕೆ ಬಂದರಂತೆ. ನಮ್ಮ ವೃತ್ತಿಯಲ್ಲಿ ಹೊಡೆದುಹಾಕಿದುದಕ್ಕೆಲ್ಲ ಲೆಕ್ಕಪರಿಶೋಧಕರಿಗೆ ಉತ್ತರ ಹೇಳಬೇಕಾಗುತ್ತದೆ. ಆ ದಾರಿ ನಮಗೆ ಮುಚ್ಚಿತ್ತು.

ಇರಲಿ. ಕೈಯ ಪಾಠ ಆರು ತಿಂಗಳಿಗೆ ಒಂದು ಹದಕ್ಕೆ ಬಂದಿತು. ಕಷ್ಟವಾದುದು ಆಮೇಲಿನದು. ಸಮಕಾಲೀನ ಕಲೆಯೆಂಬುದನ್ನು ನಂಬಲು ನಮ್ಮಂಥ ಗೃಹಸ್ಥರಿಗೆ ಸುಲಭವಲ್ಲ. 1917ರಲ್ಲಿ ಮಾರ್ಸೆಲ್ ಡುಶಾಂಪ್ ಎಂಬ ಫ್ರೆಂಚ್ ಕಲಾವಿದರು ನ್ಯೂಯಾರ್ಕಿನ ಪ್ರದರ್ಶನವೊಂದಕ್ಕೆ ಕಳುಹಿಸಿದ ವಸ್ತುವಿನ ಹೆಸರನ್ನು ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಬರೆಯಲು ಲೇಖನಿ ಹಿಂಜರಿಯುತ್ತದೆ. ಗಂಡಸರ ಶೌಚಗೃಹದ ಗೋಡೆಗೆ ಹಾಕುವ ಪಿಂಗಾಣಿ ಪಾತ್ರೆ ಅದು, ಅಂಗಡಿಯಿಂದ ಕೊಂಡುದು. ಅದನ್ನು ಆಯ್ದು ಬೇರೊಂದು ಹೆಸರಿಟ್ಟುದೇ ಅವರ ಕೆಲಸ. ಈ ಪಾಠ ನಡೆದ ದಿನ ನಾವು ಹಿಂದಿನ ಬೆಂಚಿನಲ್ಲಿ ಕುಳಿತು, ರೈಲಿನ ಖರ್ಚನ್ನು ಮನಸ್ಸಿನಲ್ಲಿಯೇ ಕೂಡಿಸುತ್ತಿದ್ದೆವು.

ಮುಂದಿನ ವಾರ ಗುರುಗಳು ಬೇರೊಂದು ಚಿತ್ರವನ್ನು ಪರದೆಯ ಮೇಲೆ ತೋರಿಸಿದರು. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿ, ಬೆಂಗಳೂರಿನ ಕೆನ್ ಕಲಾಶಾಲೆಯಲ್ಲಿ ಆರ್. ಎಂ. ಹಡಪದರ ಬಳಿ ಕಲಿತು, ಮುಂದೆ ಬರೋಡ, ಶಾಂತಿನಿಕೇತನ, ಲಂಡನ್ನುಗಳಲ್ಲಿಯೂ ಓದಿದ ಶೀಲಾ ಗೌಡ ಅವರ ಕೃತಿ. ಉದ್ದನೆಯ ನೂಲನ್ನು ಸೂಜಿಯ ಕಣ್ಣುಗಳಲ್ಲಿ ಪೋಣಿಸಿ, ಎಳೆಗಳನ್ನು ಕೂಡಿಸಿ ಹಗ್ಗವಾಗಿ ಮಾಡಿ, ಅಂಟಿನಲ್ಲಿ ಕಲಸಿದ ಕುಂಕುಮವನ್ನು ಸವರಿದ್ದರು. ಕೆಂಪು ಹಗ್ಗಗಳು ಗೋಡೆಯಿಂದ ನೆಲಕ್ಕೆ ಹರಿದು ಸುತ್ತಿಕೊಂಡಿದ್ದುವು. ತುದಿಯಲ್ಲಿ ಸೂಜಿಗಳ ಗೊಂಚಲು. ಇವರೇ ಅದಕ್ಕೂ ಮುಂಚೆ ಸೆಗಣಿಯನ್ನು ಬಣ್ಣದಂತೆ ಬಳಸಿದವರು. ನೂಲು, ಸೂಜಿ, ಕುಂಕುಮ, ಸೆಗಣಿ — ಇವುಗಳನ್ನು ನಮಗೆ ಯಾರೂ ವಿವರಿಸಬೇಕಾಗಿರಲಿಲ್ಲ. ಡುಶಾಂಪರ ಪಿಂಗಾಣಿ ನಮ್ಮನ್ನು ಬಾಗಿಲಲ್ಲಿ ನಿಲ್ಲಿಸಿತು. ಈ ಹಗ್ಗ ಒಳಕ್ಕೆ ಕರೆಯಿತು. ವರ್ಷದ ಕೊನೆಯ ಪ್ರದರ್ಶನಕ್ಕೆ ಪ್ರತಿಯೊಬ್ಬರೂ ತಮ್ಮ ಮನೆಯೊಳಗಿನ ವಸ್ತುವಿನಿಂದಲೇ ಒಂದು ಕೃತಿಯನ್ನು ಮಾಡಿ ತರಬೇಕೆಂದು ಗುರುಗಳ ಅಪ್ಪಣೆಯಾಯಿತು.

ಮನೆಯೊಳಗೆ ಏನಿದೆ? ನಮ್ಮ ದೊಡ್ಡಮ್ಮನ ಕಾಲದಲ್ಲಾದರೆ ದೀಪಾವಳಿಗೆ ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಶೇಡಿಯನ್ನು ಕದಡಿ, ಬೆರಳಿನಿಂದಲೂ ನಾರಿನಿಂದಲೂ ಬೆಳ್ಳನೆಯ ಎಳೆಗಳನ್ನು ಬರೆಯುವುದಿತ್ತು. ಘಟ್ಟದ ಮೇಲೆ ಸಾಗರದ ಕಡೆಯ ದೀವರ ಹೆಂಗಸರು ಬರೆಯುವ ಹಸೆ ಚಿತ್ತಾರಕ್ಕೆ ಈಗ ದೊಡ್ಡ ಹೆಸರು ಬಂದಿದೆ. ನಮ್ಮ ಕೆಳಗಿನವರ ಶೇಡಿಯ ಬರೆಹವನ್ನು ಕೇಳುವವರು ಕಡಮೆ. ಗೋಡೆಗೆ ಸಿಮೆಂಟು ಬಂದ ವರ್ಷ ದೊಡ್ಡಮ್ಮ ಕೈ ಬಿಟ್ಟರು. ನಮ್ಮ ಮನೆಯಲ್ಲಿ ಉಳಿದುದು ಮಲ್ಲಿಗೆ.

ಭಟ್ಕಳದ ಮಲ್ಲಿಗೆಯನ್ನು ವಾಚಕರು ಕೇಳಿರಬಹುದು. ಬೇಸಗೆಯಲ್ಲಿ ನಮ್ಮ ಅಂಗಳದ ಗಿಡಗಳು ಮೊಗ್ಗಿನಿಂದ ಬೆಳ್ಳಗಾಗುವುವು. ಹಬ್ಬ, ಮದುವೆ, ಈದ್ ಬಂದುವೆಂದರೆ ದರ ಏರುವುದು. ನಮ್ಮ ಮನೆಯಾಕೆ ನಸುಕಿನಲ್ಲೆದ್ದು ಮೊಗ್ಗು ಕೊಯ್ದು, ಬಿಸಿಲೇರುವ ಮುನ್ನ ಕಟ್ಟಿ ಪೇಟೆಗೆ ಕಳುಹಿಸುವಳು. ಕಾಲಿನ ಹೆಬ್ಬೆರಳಿಗೆ ಬಾಳೆನಾರಿನ ಒಂದು ತುದಿಯನ್ನು ಸಿಕ್ಕಿಸಿ, ನಾರು ಹರಿಯದಂತೆ ಆಗಾಗ ನೀರು ಸವರುತ್ತ, ಎಡಕ್ಕೆರಡು ಬಲಕ್ಕೆರಡು ಮೊಗ್ಗಿಟ್ಟು ಒಂದು ಸುತ್ತು ಸುತ್ತಿ ಎಳೆಯುವ ಆ ಕೈಯನ್ನು ನಾವು 22 ವರ್ಷ ದಿನವೂ ಕಂಡಿದ್ದೆವು. ಈಗ ಅದನ್ನು ಬರೆಯಲು ಕುಳಿತೆವು. ಒಂದು ಗಂಟಿಗೆ ಒಂದು ಕ್ಷಣವೂ ಹಿಡಿಯದು. ಆ ಕ್ಷಣದಲ್ಲಿ ಬೆರಳುಗಳು ಎಲ್ಲಿರುತ್ತವೆಂಬುದನ್ನು ಹಿಡಿಯಲು ನಮಗೆ ಮೂರು ವಾರ ಹಿಡಿಯಿತು. "ಇಷ್ಟು ನೋಡುವುದಕ್ಕೆ ಏನಿದೆ ಇದರಲ್ಲಿ?" ಎಂದು ಅವಳು ಎರಡು ಸಲ ಕೇಳಿದಳು. ಮೂರನೆಯ ಸಲ ಕೇಳಲಿಲ್ಲ; ಕೈಯನ್ನು ಮಾತ್ರ ತುಸು ನಿಧಾನ ಮಾಡಿದಳು.

ಮಾರ್ಚ್ ತಿಂಗಳ 31 ದಿನಗಳಲ್ಲಿ ದಿನಕ್ಕೊಂದು ಮೊಳದಂತೆ ಎತ್ತಿಟ್ಟು, 31 ಮೊಳಗಳನ್ನು ಸಾಲಾಗಿ ತೂಗಹಾಕುವುದೆಂದು ನಿಶ್ಚಯಿಸಿದೆವು. ಮೊದಲಿನದು ಕಂದಿ ಕಾಗದದಂತಾಗಿರುವುದು. ಕೊನೆಯದರಲ್ಲಿ ಪರಿಮಳ ಇನ್ನೂ ಸ್ವಲ್ಪ ಉಳಿದಿರುವುದು. ಇದನ್ನು ಮನೆಯಾಕೆಗೆ ಹೇಳಿದಾಗ ಅವಳು ನಾರನ್ನು ಕೆಳಗಿಟ್ಟಳು.

"ನಾರು ಸೀಳಿದವಳು ನಾನು, ಹೂ ಕೊಯ್ದವಳು ನಾನು, ಗಂಟು ಹಾಕಿದವಳೂ ನಾನೇ. ನನ್ನ ಕೈಯಲ್ಲಿರುವಾಗ ಇದು ಮೊಳಕ್ಕಿಷ್ಟು ಎಂದು ಮಾರುವ ಹೂ. ನಿಮ್ಮ ಗೋಡೆಗೆ ಹೋದ ಕೂಡಲೆ ಕಲೆಯಾಗುತ್ತದೆ. ನಡುವೆ ಏನಾಯಿತು, ಅದನ್ನು ಹೇಳಿ."

ನಾವು ಓದಿದ ಯಾವ ಪುಸ್ತಕವೂ ಆಗ ನೆರವಿಗೆ ಬರಲಿಲ್ಲ. ಆಯ್ದುಕೊಳ್ಳುವುದೇ ಕಲೆಯೆಂಬ ಮಾತು ಅಂಗಡಿಯ ಪಿಂಗಾಣಿಯ ಮಟ್ಟಿಗೆ ಸಾಕಾದೀತು. ಎದುರಿನಲ್ಲಿಯೇ ಕುಳಿತು ಕಟ್ಟುತ್ತಿರುವವಳ ಮುಂದೆ ಅದನ್ನು ಆಡಲಾಗದು. ಶೀಲಾ ಗೌಡರು ತಮ್ಮ ನೂಲನ್ನು ಬಹುಕಾಲ ಪೋಣಿಸಿ ಆ ಹಗ್ಗವನ್ನು ಗಳಿಸಿದವರು. ನಮ್ಮದು ಬರಿಯ ನೋಟ. ಗುರುಗಳನ್ನು ಕೇಳಿದೆವು. ಅವರು ಬಹಳ ಹೊತ್ತು ಸುಮ್ಮನಿದ್ದು, "ಸರ್, ಅವರ ಪ್ರಶ್ನೆಯನ್ನು ಕೃತಿಯ ಹೊರಗೆ ಬಿಡಬೇಡಿ" ಎಂದರು.

ನಮಗೆ ನಿಜವಾಗಿ ಬರುವ ವಿದ್ಯೆಯೊಂದಿದ್ದರೆ ಅದು ಚೀಟಿ ಬರೆಯುವುದು. ಪ್ರತಿಯೊಂದು ಮೊಳದ ಕೆಳಗೂ, ಸಂಘದ ರಸೀದಿಯ ಅಳತೆಯ ಒಂದು ಚೀಟಿಯಲ್ಲಿ, ದುಂಡಗಿನ ಅಕ್ಷರಗಳಿಂದ, ತಾರೀಖು, ಆ ದಿನದ ಪೇಟೆಯ ದರ, ಕೊಯ್ದ ಹೊತ್ತು, ಕಟ್ಟಲು ಹಿಡಿದ ಹೊತ್ತು, ಕಟ್ಟಿದವರ ಹೆಸರು ಇಷ್ಟನ್ನೂ ಬರೆದೆವು. ಮಾರದೆ ಉಳಿಸಿಕೊಂಡ ಹೂವಿನ ಹಣವನ್ನು ಆಯಾ ದಿನದ ದರದಂತೆ ನಾವೇ ಅವಳಿಗೆ ಕೊಟ್ಟು, "ಪಾವತಿಯಾಗಿದೆ" ಎಂದು ನಮೂದಿಸಿದೆವು. ಅವಳು ಎಣಿಸಿ ತೆಗೆದುಕೊಂಡಳು. 14ನೆಯ ತಾರೀಖಿನ ದರ ಎರಡು ರೂಪಾಯಿ ಹೆಚ್ಚಿತ್ತೆಂದು ತಿದ್ದಿಸಿದಳು. 26 ವರ್ಷದ ನಮ್ಮ ಲೆಕ್ಕದ ಕೆಲಸಕ್ಕೂ ಭಾನುವಾರದ ವಿದ್ಯೆಗೂ ಅಲ್ಲಿಯವರೆಗೆ ಸಂಬಂಧವೇ ಇರಲಿಲ್ಲ.

ಪ್ರದರ್ಶನದಲ್ಲಿ ಶಾಲೆಯವರು ಹಚ್ಚುವ ಮುಖ್ಯ ಚೀಟಿಯಲ್ಲಿ ಎರಡು ಹೆಸರು ಬರೆಯಬೇಕೆಂದು ಕೇಳಿದೆವು. ದಾಖಲಾದ ವಿದ್ಯಾರ್ಥಿಯ ಹೆಸರನ್ನಷ್ಟೇ ಹಚ್ಚುವುದು ನಿಯಮವೆಂಬ ಉತ್ತರ ಬಂದಿತು. ವಾದಿಸಿದೆವು, ಸಾಗಲಿಲ್ಲ. ಆದಕಾರಣ ಗೋಡೆಯ ಮೇಲೆ ನಮ್ಮ ಹೆಸರು ಒಂದು ಸಲವಿತ್ತು, ಅವಳದು 31 ಸಲ.

ಏಪ್ರಿಲಿನ ಆ ಭಾನುವಾರ ಮನೆಯಾಕೆ ದೊಡ್ಡಮ್ಮನನ್ನೂ ಕರೆದುಕೊಂಡು ರೈಲಿನಲ್ಲಿ ಬಂದಳು. ದೊಡ್ಡಮ್ಮನಿಗೆ 80 ದಾಟಿದೆ. ಅವರು ಬೇರೆಯವರ ಕೃತಿಗಳ ಮುಂದೆಯೂ ನಿಂತು ನಿಂತು ನೋಡಿದರು, ಒಂದು ಕಡೆ ಗಾಜಿನ ಚೂರುಗಳ ರಾಶಿಯನ್ನು ಕಂಡು, "ಕಾಲಿಗೆ ಚುಚ್ಚೀತು, ಗುಡಿಸಲಿಲ್ಲವೇ?" ಎಂದು ವಿಚಾರಿಸಿದರು. ಮನೆಯಾಕೆ ನೇರವಾಗಿ ತನ್ನ ಸಾಲಿನ ಮುಂದೆ ಹೋಗಿ, ಮೊದಲ ಮೊಳದಿಂದ ಒಂದೊಂದಾಗಿ ಮುಟ್ಟುತ್ತ ಬಂದಳು. ಹೂ ಒಣಗಿ ಕುಗ್ಗಿದ್ದರಿಂದ ನಾಲ್ಕನೆಯದರಲ್ಲಿ ಗಂಟುಗಳು ಸಡಿಲವಾಗಿದ್ದುವು. ಪ್ರದರ್ಶನದ ವಸ್ತುವನ್ನು ಮುಟ್ಟಬಾರದೆಂದು ಅವಳಿಗೆ ಯಾರು ಹೇಳಬೇಕು? ಅದನ್ನು ಕೆಳಗಿಳಿಸಿ, ಅಲ್ಲಿಯೇ ನೆಲದ ಮೇಲೆ ಕುಳಿತು, ಚಪ್ಪಲಿ ಕಳಚಿ, ನಾರಿನ ತುದಿಯನ್ನು ಹೆಬ್ಬೆರಳಿಗೆ ಸಿಕ್ಕಿಸಿ, ಒಂದೊಂದೇ ಗಂಟನ್ನು ಬಿಗಿಮಾಡತೊಡಗಿದಳು. ಸುತ್ತ ಹತ್ತು ಹನ್ನೆರಡು ಜನ ಕೂಡಿದರು. ಇದೂ ಕೃತಿಯ ಭಾಗವೇ ಎಂದು ಒಬ್ಬರು ನಮ್ಮನ್ನು ಕೇಳಿದರು. "ಅವರನ್ನೇ ಕೇಳಿ" ಎಂದು ನಾವು ಹೇಳಿದೆವು. ಅವಳು ತಲೆಯೆತ್ತದೆ, "ಗಂಟು ಸಡಿಲವಾಗಿತ್ತು" ಎಂದಳು.

ಜೂನಿನಲ್ಲಿ ಎರಡನೆಯ ವರ್ಷ ಆರಂಭವಾಗುವುದು. ಮೊದಲ ಪಾಠ ಮಣ್ಣಿನದೆಂದೂ, ಅವರವರ ಊರಿನ ಮಣ್ಣನ್ನು ತರಬೇಕೆಂದೂ ಗುರುಗಳು ತಿಳಿಸಿದ್ದಾರೆ. ಮಳೆ ಹಿಡಿಯುವುದರೊಳಗಾಗಿ ಶೇಡಿಯನ್ನು ಎಲ್ಲಿಂದ ಅಗೆದು ತರುತ್ತಿದ್ದರೆಂದು ದೊಡ್ಡಮ್ಮನನ್ನು ಕೇಳಿ, ಅವರನ್ನು ಆ ಜಾಗಕ್ಕೆ ಒಮ್ಮೆ ಕರೆದೊಯ್ಯಬೇಕಾಗಿದೆ.