ಕೂಡಲಸಂಗಮ: ಬೇಡುವ ಮೊದಲು ನೆನೆಯುವ ನೆಲ

ವಿಜಯಪುರ–ಹೊಸಪೇಟೆ ಹೆದ್ದಾರಿಯ ಕೂಡಲಸಂಗಮ ಕ್ರಾಸ್‌ನಿಂದ ಒಳಗೆ ತಿರುಗಿದರೆ ಬಾಗಲಕೋಟೆ ಜಿಲ್ಲೆಯ ಈ ಪುಣ್ಯಕ್ಷೇತ್ರ ಸಿಗುತ್ತದೆ. ಮಹಾಬಲೇಶ್ವರದಿಂದ ಬಂದ ಕೃಷ್ಣೆಯನ್ನು ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಕೂಡಿಕೊಳ್ಳುತ್ತಾಳೆ. ಮುಂದೆ ಅವಳಿಗೆ ಬೇರೆ ಹೆಸರಿಲ್ಲ, ಎಲ್ಲವೂ ಕೃಷ್ಣೆಯೇ.

ದಂಡೆಯ ಮೇಲೆ ಚಾಲುಕ್ಯ ಶೈಲಿಯ ಸಂಗಮೇಶ್ವರ ಗುಡಿ. ಬಾಗೇವಾಡಿಯಿಂದ ಬಂದ ಬಸವಣ್ಣ ವಿದ್ಯೆ ಕಲಿತದ್ದು ಈ ಊರಿನಲ್ಲಿ. ಮುಂದೆ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರ ನೋಡಿಕೊಳ್ಳುವಷ್ಟು ದೊಡ್ಡ ಅಧಿಕಾರ ಬಂದರೂ ಅವರು ಈ ದೇವರನ್ನು ಬಿಡಲಿಲ್ಲ. ಅವರ ವಚನಗಳ ಅಂಕಿತವೇ 'ಕೂಡಲಸಂಗಮದೇವ'.

ಗುಡಿಯಿಂದ ಸ್ವಲ್ಪ ದೂರದಲ್ಲಿ ಬಸವಣ್ಣನವರ ಐಕ್ಯಮಂಟಪವಿದೆ. ನಾರಾಯಣಪುರ ಅಣೆಕಟ್ಟಿನ ಹಿನ್ನೀರು ಇಲ್ಲಿಯವರೆಗೂ ಬರುವುದರಿಂದ ಅದರ ಸುತ್ತ ಬಾವಿಯಂತೆ ದುಂಡನೆಯ ಗೋಡೆ ಕಟ್ಟಿದ್ದಾರೆ. ಸುತ್ತು ಮೆಟ್ಟಿಲು ಇಳಿದು ಕೆಳಗೆ ಹೋಗಬೇಕು. ಹೊರಗೆ ನದಿ ತುಂಬಿದಾಗ, ನೀರಿನ ಮಟ್ಟಕ್ಕಿಂತ ಕೆಳಗೆ ನಿಂತು ಕೈಮುಗಿಯುವ ಅನುಭವವೇ ಬೇರೆ.

ಶರಣರ ಏಕನಿಷ್ಠೆಯೆಂದರೆ ಇತರರನ್ನು ಹಳಿಯುವುದಲ್ಲ. ಅಲ್ಲಮನಿಗೆ ಗುಹೇಶ್ವರ, ಅಕ್ಕಮಹಾದೇವಿಗೆ ಚೆನ್ನಮಲ್ಲಿಕಾರ್ಜುನ. ಅಂಕಿತ ಬೇರೆಯಾದರೂ ಎಲ್ಲರೂ ಒಟ್ಟಿಗೆ ಕುಳಿತು ಮಾತನಾಡಿದರು. ಅಂಗೈಯಲ್ಲಿಟ್ಟು ಪೂಜಿಸುವ ಇಷ್ಟಲಿಂಗಕ್ಕೆ ನಡುವೆ ಪೂಜಾರಿ ಬೇಕಿರಲಿಲ್ಲ. ಪೂಜೆ ಅಲ್ಲಿಗೇ ಮುಗಿಯುತ್ತಲೂ ಇರಲಿಲ್ಲ. ದುಡಿಮೆ ಕಾಯಕವಾಯಿತು, ದುಡಿದದ್ದನ್ನು ಹಂಚಿ ಉಣ್ಣುವುದು ದಾಸೋಹವಾಯಿತು. ದಾಸೋಹ ದಾನವಲ್ಲ. ದಾನದಲ್ಲಿ 'ನಾನು ಕೊಟ್ಟೆ' ಎಂಬ ಹೆಮ್ಮೆ ನುಸುಳಬಹುದು. ದಾಸೋಹದಲ್ಲಿ, ದೇವರು ಕೊಟ್ಟದ್ದನ್ನೇ ಹಿಂದಿರುಗಿಸುತ್ತಿದ್ದೇನೆ ಎಂಬ ವಿನಯವಿರುತ್ತದೆ. ಕೃತಜ್ಞತೆಗೆ ಇದಕ್ಕಿಂತ ಒಳ್ಳೆಯ ರೂಪ ಯಾವುದು?

ಪರೀಕ್ಷೆ ಹತ್ತಿರ ಬಂದಂತೆ ನಮ್ಮ ಮನೆಗಳಲ್ಲಿ ಹರಕೆಗಳ ಪಟ್ಟಿ ಬೆಳೆಯುತ್ತದೆ. ಪಾಸಾದರೆ ಈ ದೇವರಿಗೆ ತೆಂಗಿನಕಾಯಿ, ರ್‍ಯಾಂಕ್ ಬಂದರೆ ಆ ದೇವರಿಗೆ ಮುಡಿ! ಅಂಕ ಕಡಿಮೆಯಾದರೆ ದೇವರ ಮೇಲೂ ಮುನಿಸು, ಮಗುವಿನ ಮೇಲೂ ಮುನಿಸು. ಇದು ಭಕ್ತಿಯೋ ವ್ಯಾಪಾರವೋ? ಓದಲು ಪುಸ್ತಕ, ಕಲಿಸಲು ಗುರು, ಹೊತ್ತಿಗೆ ಊಟ ಈಗಾಗಲೇ ಸಿಕ್ಕಿರುವಾಗ ಮೊದಲು ಸಲ್ಲಬೇಕಾದದ್ದು ವಂದನೆ. ಬೇಡಿಕೆಗೆ ಆಮೇಲೂ ಹೊತ್ತಿದೆ. ಹಾಗೆ ನೋಡಿದರೆ ಮನಸ್ಸಿಟ್ಟು ಓದುವುದೇ ವಿದ್ಯಾರ್ಥಿಯ ಕಾಯಕ. ತಿಳಿದದ್ದನ್ನು ಪಕ್ಕದ ಬೆಂಚಿನವನಿಗೆ ಹೇಳಿಕೊಡುವುದೇ ಅವನ ದಾಸೋಹ.

ರಜೆಯಲ್ಲಿ ಮಕ್ಕಳೊಂದಿಗೆ ಒಮ್ಮೆ ಇಲ್ಲಿಗೆ ಬನ್ನಿ. ಮಳೆಗಾಲ ಕಳೆದ ಮೇಲಾದರೆ ಹಿನ್ನೀರಿನ ಸೊಬಗನ್ನೂ ಕಾಣಬಹುದು. ಐಕ್ಯಮಂಟಪದ ಮೆಟ್ಟಿಲು ಇಳಿಯುವಾಗ ಮಕ್ಕಳಿಗೆ ಒಂದೇ ಮಾತು ಹೇಳಿ: "ಇಲ್ಲಿ ಏನನ್ನೂ ಕೇಳಬೇಡ, ಸಿಕ್ಕಿದ್ದನ್ನು ನೆನೆ."