ಕಲೆಕ್ಟರನಿಗೆ ಯಾವ ರಾಗ?

ಹುಡುಗ ಕಡಬದ ಕಡೆಯವನು. ಹೆಸರು ಬರೆಯಬೇಡಿ ಎಂದಿದ್ದಾನೆ. ಬರೆಯುತ್ತಿರುವ ಯಕ್ಷಗಾನ ಪ್ರಸಂಗ ಅಚ್ಚಾದರೆ ಹೇಗೂ ಬರುತ್ತದಂತೆ. ಹಗಲು ಸಹಕಾರಿ ಸಂಘದಲ್ಲಿ ಲೆಕ್ಕ ಬರೆಯುತ್ತಾನೆ, ರಾತ್ರಿ ಪದ್ಯ. ಈಗ ಕೈಯಲ್ಲಿರುವುದು 1837ರ ಅಮರ ಸುಳ್ಯದ ದಂಗೆ. ವೇಷವಿಲ್ಲದ ತಾಳಮದ್ದಳೆಗೆ: ಹಾಡಲು ಒಬ್ಬರು ಭಾಗವತರು, ಒಂದು ಮದ್ದಳೆ, ಒಂದು ಚೆಂಡೆ, ಚಕ್ರತಾಳ, ಎದುರುಬದುರು ಕೂತು ಪದ್ಯಕ್ಕೆ ಮಾತು ಕಟ್ಟುವ ನಾಲ್ಕೈದು ಅರ್ಥಧಾರಿಗಳು. ಮನೆಯ ಚಾವಡಿಯಲ್ಲಿ ಹಿಡಿಸುವಷ್ಟು ಸಂಗೀತ.

ಕಚೇರಿ ಕೇಳಿ ಬೆಳೆದ ನನಗೆ, ಸಂಗೀತ ಕಟ್ಟುವವನು ಎಂದರೆ ಸ್ವರ ಹಾಕುವವನು. ಇವನ ನೋಟು ಪುಸ್ತಕ ತಿರುವಿ ಹಾಕಿದೆ. ಪುಟ ತುಂಬ ಅಕ್ಷರ. ಸ್ವರ ಒಂದೂ ಇಲ್ಲ.

*

ಪ್ರತಿ ಪದ್ಯದ ತಲೆಯ ಮೇಲೆ ಎರಡೇ ಶಬ್ದ: ಮುಖಾರಿ, ತ್ರಿವುಡೆ. ಕಾಂಭೋಜಿ, ಝಂಪೆ. ಉಡುಪಿಯ ಪಾವಂಜೆ ಗುರುರಾವ್ ಅಂಡ್ ಸನ್ಸ್‌ನವರು ಅಚ್ಚು ಹಾಕುತ್ತಿದ್ದ ಹಳೆಯ ಪ್ರಸಂಗ ಪುಸ್ತಕಗಳಲ್ಲೂ ಹೀಗೇ. ಉಳಿದದ್ದೆಲ್ಲ ಮಾತ್ರೆಯ ಲೆಕ್ಕ. ತ್ರಿವುಡೆ ಬೇಕೆಂದರೆ ಮೂರು-ನಾಲ್ಕು, ಮೂರು-ನಾಲ್ಕು, ಝಂಪೆಯಾದರೆ ಐದೈದು. ಅವನೇ ಬೆರಳು ಮಡಿಸಿ ತೋರಿಸಿದ:

ಭತ್ತ / ವೊಲ್ಲರು / ಹಣವ / ಕೇಳ್ವರು

ಮೂರು, ನಾಲ್ಕು, ಮೂರು, ನಾಲ್ಕು. ಸರಿಯಾಗಿ ಹದಿನಾಲ್ಕು. ಈ ಸಾಲಿನಲ್ಲಿ ದಂಗೆಯ ಮುಖ್ಯ ಕಾರಣವೂ ಉಂಟು. 1834ರಲ್ಲಿ ಕೊಡಗು ಕಂಪೆನಿಯ ವಶವಾದ ಮೇಲೆ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಸೇರಿಸಿದರು. ಅಲ್ಲಿವರೆಗೆ ಬೆಳೆಯ ರೂಪದಲ್ಲಿ ಕೊಡುತ್ತಿದ್ದ ತೆರಿಗೆಯನ್ನು ಹಣದಲ್ಲಿ ಕಟ್ಟಿ ಎಂದರು. ಭತ್ತ ಇದ್ದವನ ಬಳಿ ಹಣ ಎಲ್ಲಿತ್ತು?

“ಸ್ವರ ಯಾಕೆ ಬರೆಯುದಿಲ್ಲ?” ಎಂದು ಕೇಳಿದೆ.

“ಬರೆದ್ರೆ ಭಾಗವತರು ನೋಡ್ಲಿಕ್ಕಿಲ್ಲ. ನೋಡಿದ್ರೂ ಹಾಗೆ ಹಾಡ್ಲಿಕ್ಕಿಲ್ಲ.”

ಬೇಸರದಲ್ಲಿ ಹೇಳಿದ್ದಲ್ಲ. ನಾಳೆ ಮಳೆ ಬರಬಹುದು ಎನ್ನುವ ಧಾಟಿ.

*

ಒಂದು ಒಗಟು, ಬಗೆಹರಿದಿಲ್ಲ. ಭಾಮಿನಿ ಷಟ್ಪದಿಯ ನಡೆಯೂ ಮೂರು-ನಾಲ್ಕು. ಕುಮಾರವ್ಯಾಸನಿಂದ ಈಚೆಗೆ ಕನ್ನಡದ ಕಿವಿಗೆ ಚೆನ್ನಾಗಿ ಒಗ್ಗಿದ ನಡೆ. ತ್ರಿವುಡೆಗೆ ಹೇಳಿ ಮಾಡಿಸಿದ ಹಾಗಿದೆ. ಆದರೆ ಯಕ್ಷಗಾನದಲ್ಲಿ ಭಾಮಿನಿಯನ್ನು ಹೆಚ್ಚಾಗಿ ತಾಳದ ಕಟ್ಟಿಲ್ಲದೆ, ರಾಗ ಎಳೆದು ಹಾಡುತ್ತಾರೆ. ತಾಳ ತಾನಾಗಿ ಕೂರುವ ಪದ್ಯಕ್ಕೇ ತಾಳ ಬೇಡ! ಇಬ್ಬರು ಭಾಗವತರನ್ನು ಕೇಳಿದೆ. ಒಬ್ಬರು ನಕ್ಕರು. ಇನ್ನೊಬ್ಬರು, “ಕಥೆ ಮುಂದೆ ಹೋಗ್ಲಿಕ್ಕೆ ಅದು. ಅಲ್ಲಿ ತಾಳ ಹಾಕಿದ್ರೆ ಕಥೆ ನಿಲ್ತದೆ” ಎಂದರು. ತಾಳ ಹಾಕಿದರೆ ನಡೆಯುತ್ತದೆ ಎಂದಲ್ಲವೇ ನಾನು ತಿಳಿದದ್ದು? ನಿಲ್ಲುತ್ತದಂತೆ. ಗುರುತು ಹಾಕಿ ಇಟ್ಟಿದ್ದೇನೆ.

*

ಇವತ್ತಿನ ತಕರಾರು: ಕಲೆಕ್ಟರನಿಗೆ ಯಾವ ರಾಗ?

ಅರ್ಜುನನಿಗೆ, ಕೌರವನಿಗೆ, ರಾವಣನಿಗೆ ಭಾಗವತರ ಕೈಯಲ್ಲಿ ಬೇಕಾದಷ್ಟು ದಾರಿ ಉಂಟು. ಕಂಪೆನಿ ಸರಕಾರದ ಅಧಿಕಾರಿಗೆ ಇಲ್ಲ. ಹುಡುಗ ಮೊದಲು ನಾಟಿ ಎಂದು ಬರೆದಿದ್ದ, ಹೊಡೆದು ಹಾಕಿದ. ಆಮೇಲೆ ಶಂಕರಾಭರಣ. ಅದಕ್ಕೊಂದು ತರ್ಕ ಇಟ್ಟುಕೊಂಡಿದ್ದಾನೆ: ಇಂಗ್ಲಿಷರ ಬ್ಯಾಂಡಿನ ಸ್ವರಮೇಳಕ್ಕೆ ನಮ್ಮಲ್ಲಿ ಹತ್ತಿರದ್ದು ಶಂಕರಾಭರಣ. ಮುತ್ತುಸ್ವಾಮಿ ದೀಕ್ಷಿತರು ಬ್ಯಾಂಡಿನ ಮಟ್ಟುಗಳಿಗೆ ಸಂಸ್ಕೃತ ಸಾಹಿತ್ಯ ಕೂರಿಸಿ ನೊಟ್ಟುಸ್ವರ ಮಾಡಿದ್ದು ಇದೇ ದಾರಿಯಲ್ಲಿ. ದೀಕ್ಷಿತರು ತೀರಿಕೊಂಡದ್ದು 1835ರಲ್ಲಿ, ದಂಗೆಗೆ ಎರಡು ವರ್ಷ ಮೊದಲು. ಕಾಲವೂ ಕೂಡಿ ಬಂತು ಎಂದು ಹುಡುಗನಿಗೆ ಖುಷಿ.

ನನಗೂ ಈ ಯೋಚನೆ ಹಿಡಿಸಿತು. ಭಾಗವತರಿಗೆ ಹಿಡಿಸಲಿಲ್ಲ.

“ಅವ ಎಲ್ಲಿಯವ ಅಂತ ನನಗೆ ಬೇಡ ಮಾರಾಯ. ಆ ಪದ್ಯದಲ್ಲಿ ಅವನಿಗೆ ಸಿಟ್ಟಾ, ಹೆದರಿಕೆಯಾ? ಅದು ಹೇಳು.”

ಹುಡುಗ ಸ್ವಲ್ಪ ಯೋಚಿಸಿ, “ಎರಡೂ ಉಂಟು ಅಣ್ಣ” ಎಂದ.

“ಹಾಗಾದ್ರೆ ಎರಡು ಪದ್ಯ ಬರಿ.”

*

ಪುತ್ತೂರು. ಪರ್ಲಡ್ಕದ ಬಾಲವನಕ್ಕೆ ಹೋಗಿ ಕೂತೆ. ಇಲ್ಲಿ ದಶಕಗಟ್ಟಲೆ ಇದ್ದ ಶಿವರಾಮ ಕಾರಂತರಿಗೂ (1902–1997) ಸಂಗೀತ ಬರೆದವನದೋ ಹಾಡಿದವರದೋ ಎಂಬ ಇದೇ ಪ್ರಶ್ನೆ ಎದುರಾಗಿರಬೇಕು. ಅವರು ಹುಡುಕಿಕೊಂಡ ಉತ್ತರ ಪೂರ್ತಿ ಬೇರೆ. ಯಕ್ಷಗಾನ ಬ್ಯಾಲೆಯಲ್ಲಿ ಮಾತನ್ನು ಬಿಟ್ಟರು. ಪಿಟೀಲು, ಸ್ಯಾಕ್ಸೊಫೋನ್ ತಂದರು. ಹಳೆಯ ರಾಗಗಳನ್ನು ಹುಡುಕಿದರು. ಅಭ್ಯಾಸ ಮಾಡಿಸಿ ಮಾಡಿಸಿ ಒಂದು ರೂಪಕ್ಕೆ ನಿಲ್ಲಿಸಿದರು. ಯಾವ ಊರಿನಲ್ಲಿ ಆಡಿದರೂ ಅದು ಕಾರಂತರ ಕೆಲಸವೇ. ಬೈದವರೂ ಕಾರಂತರನ್ನೇ ಬೈದರು. ಕರ್ತೃ ಯಾರು ಎಂಬ ಗೊಂದಲವೇ ಉಳಿಯಲಿಲ್ಲ.

ನನ್ನ ಹುಡುಗನಿಗೆ ಕಾರಂತರ ದಾರಿ ಬೇಡವಂತೆ. “ಅದಕ್ಕೆ ದುಡ್ಡು ಬೇಕು, ಜನ ಬೇಕು, ಕಾರಂತರ ಸ್ವಭಾವ ಬೇಕು.” ಮೂರನೆಯದು ಎಲ್ಲಕ್ಕಿಂತ ದುಬಾರಿ ಎಂದು ನನ್ನ ಅಂದಾಜು.

ಸ್ಯಾಕ್ಸೊಫೋನಿನ ಕಥೆ ಅಲ್ಲಿಗೆ ಮುಗಿಯಲಿಲ್ಲ. ಪಕ್ಕದ ಬಂಟ್ವಾಳ ತಾಲ್ಲೂಕಿನ ನಾಗಸ್ವರ ವಾದಕರ ಮಗ ಕದ್ರಿ ಗೋಪಾಲನಾಥರು (1949–2019) ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಕಂಡು ಮರುಳಾದರು, ಅದರಲ್ಲಿ ಕರ್ನಾಟಕ ಸಂಗೀತವನ್ನೇ ನುಡಿಸಿದರು. ಅದೇ ಅರಮನೆಯ ಜಯಚಾಮರಾಜ ಒಡೆಯರು ರಷ್ಯಾದ ಮೆಟ್ನರ್ ಎಂಬ ಸಂಗೀತಕಾರನ ಕೃತಿಗಳನ್ನು ಲಂಡನ್ನಿನಲ್ಲಿ ಧ್ವನಿಮುದ್ರಿಸಲು ಹಣ ಕೊಟ್ಟರು. ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳು 1950ರಲ್ಲಿ ಲಂಡನ್ನಿನಲ್ಲಿ ಮೊದಲ ಬಾರಿ ಕೇಳಿಸಿದಾಗಲೂ ಬೆನ್ನಿಗೆ ನಿಂತವರು ಅವರೇ. ಹಾಡುವ ಮೊದಲೇ ಸ್ಟ್ರಾಸ್ ತೀರಿಹೋಗಿದ್ದ. ಹಾಡಿದವರು ಮಾತ್ರ ಅವನು ಬರೆದಿಟ್ಟ ಸ್ವರವನ್ನೇ ಹಾಡಿದರು. ಹುಡುಗನಿಗೆ ಇದನ್ನು ಹೇಳಿದೆ. “ಅದು ಒಳ್ಳೆದಾ, ಅಲ್ವಾ?” ಎಂದು ಕೇಳಿದ. ನಿಜವಾಗಿ ತಿಳಿಯಬೇಕೆಂದೇ ಕೇಳಿದ್ದು.

*

ಪತ್ತನಾಜೆ ಕಳೆಯಿತು. ತುಳುವರ ಬೇಶ ತಿಂಗಳ ಹತ್ತು. ಮೇಳಗಳ ತಿರುಗಾಟ ಮುಗಿದು ಗೆಜ್ಜೆ ಬಿಚ್ಚಿದ್ದಾರೆ. ಇನ್ನು ದೀಪಾವಳಿಯ ಹೊತ್ತಿನವರೆಗೆ ಚಿಕ್ಕಮೇಳಗಳ ಕಾಲ. ಸಂಜೆ ಹೊತ್ತಿಗೆ ಭಾಗವತರು, ಮದ್ದಳೆ, ಚೆಂಡೆ, ಎರಡು ವೇಷ. ಮನೆಯವರು ದೀಪ ಹಚ್ಚಿ, ಅಕ್ಕಿ-ತೆಂಗಿನಕಾಯಿ ಇಟ್ಟಿರುತ್ತಾರೆ. ಹತ್ತು ಹದಿನೈದು ನಿಮಿಷದ ಕಥೆ, ಕಾಣಿಕೆ, ಪ್ರಸಾದ, ಮುಂದಿನ ಮನೆ. ಮಳೆಯಲ್ಲಿ, ಕೆಸರು ದಾರಿಯಲ್ಲಿ, ರಬ್ಬರ್ ತೋಟದ ನಡುವೆ ಸಂಗೀತವೇ ಮನೆ ಬಾಗಿಲಿಗೆ ನಡೆದು ಬರುವುದು ಬೇರೆಲ್ಲಿ ಉಂಟೋ ನನಗೆ ತಿಳಿಯದು.

ಹುಡುಗನಿಗೆ ಆಸೆ: ತನ್ನ ಒಂದೇ ಒಂದು ಪದ್ಯವನ್ನು ಚಿಕ್ಕಮೇಳದಲ್ಲಿ ಹಾಡಿಸಿ ನೋಡಬೇಕು. ಕೇಳಿದ. ಸಿಕ್ಕಿದ ಉತ್ತರ: “ನಾವು ಹೋಗುದು ಮನೆಗೆ ಒಳ್ಳೆದಾಗ್ಲಿ ಅಂತ, ದಂಗೆ ಎಬ್ಬಿಸ್ಲಿಕ್ಕಲ್ಲ.”

ಹೊಸತನ್ನು ಕೇಳಿಸಲು ಜಾಗ ಬೇಕು. ಅದು ದೇವರ ಎದುರಿನ ಜಾಗ ಆಗಿರಬಾರದು. ತಾಳಮದ್ದಳೆಯೇ ಗತಿ. ಪುತ್ತೂರಿನ ಬೊಳುವಾರಿನಲ್ಲಿ ಆಂಜನೇಯ ಯಕ್ಷಗಾನ ಕಲಾಸಂಘದಂಥವರು ವರ್ಷಗಳಿಂದ ಅದನ್ನು ನಡೆಸಿಕೊಂಡು ಬಂದಿದ್ದಾರೆ. ಹಳ್ಳಿಯ ಮನೆಗಳಲ್ಲೂ ನಡೆಯುತ್ತದೆ, ಗೃಹಪ್ರವೇಶಕ್ಕೋ ಷಷ್ಟ್ಯಬ್ದಿಗೋ.

*

ಕವಿ ಒಬ್ಬ, ಹಾಡುವವರು ಇನ್ನೊಬ್ಬರು ಎಂಬ ತೊಡಕು ಎಲ್ಲರಿಗೂ ಇರಲಿಲ್ಲ. ಅಗರಿ ಶ್ರೀನಿವಾಸ ಭಾಗವತರು ತಾವೇ ಬರೆದು ತಾವೇ ಹಾಡಿದರು. ಬಲಿಪ ನಾರಾಯಣ ಭಾಗವತರು (1938–2023) ಐದು ದಿನ ಆಡುವಂಥ ದೇವಿಮಹಾತ್ಮೆಯನ್ನೇ ಬರೆದರು. ಬೊಟ್ಟಿಕೆರೆ ಪುರುಷೋತ್ತಮ ಪೂಂಜರೂ ಭಾಗವತರೇ, ಕವಿಯೇ. ಇವರಿಗೆಲ್ಲ ಬರೆಯುವಾಗಲೇ ಗಂಟಲು ಗೊತ್ತಿತ್ತು. ಹುಡುಗನಿಗೆ ಗಂಟಲು ಇಲ್ಲ, ಅವನೇ ಒಪ್ಪುತ್ತಾನೆ.

ಸುಳ್ಯದ ಕಲ್ಮಡ್ಕದ ಪದ್ಯಾಣ ಗಣಪತಿ ಭಟ್ಟರು (1955–2021) ಸುರತ್ಕಲ್ ಮೇಳದಲ್ಲಿ ವರ್ಷ ವರ್ಷವೂ ಬೇರೆಯವರು ಬರೆದ ಹೊಸ ಹೊಸ ತುಳು ಪ್ರಸಂಗಗಳನ್ನು ಹಾಡಿ ನಿಲ್ಲಿಸಿದವರು. ಪ್ರಸಂಗದ ಕವಿಯ ಹೆಸರು ಮರೆತವರಿಗೂ ಪದ್ಯಾಣರ ಏರುಪದ ನೆನಪಿರುತ್ತದೆ. ಇದು ಸರಿಯೋ ತಪ್ಪೋ? ತೀರ್ಪು ಕೊಡುವುದಿಲ್ಲ. ನನಗೂ ನೆನಪಿರುವುದು ಏರುಪದವೇ.

ಲೀಲಾವತಿ ಬೈಪಾಡಿತ್ತಾಯರದು (1947–2024) ಇನ್ನೊಂದು ಬಗೆಯ ಒಗಟು. ಮಧೂರಿನಲ್ಲಿ ಹುಟ್ಟಿ, ಶಾಸ್ತ್ರೀಯ ಸಂಗೀತ ಕಲಿತು, ಮದ್ದಳೆಗಾರ ಹರಿನಾರಾಯಣ ಬೈಪಾಡಿತ್ತಾಯರನ್ನು ಮದುವೆಯಾದ ಮೇಲೆ ಗಂಡನಿಂದಲೇ ಯಕ್ಷಗಾನದ ತಾಳ, ನಡೆ ಕಲಿತರು. ತೆಂಕುತಿಟ್ಟಿನ ವೃತ್ತಿಮೇಳದಲ್ಲಿ ಹಾಡಿದ ಮೊದಲ ಮಹಿಳೆ. ರಾಗ ಗೊತ್ತು, ಸ್ವರ ಗೊತ್ತು. ಆದರೂ ಹೊಸತಾಗಿ ಕಲಿಯಬೇಕಾಯಿತು. ಹಾಗಾದರೆ ಸ್ವರದ ಹೊರಗೆ ಉಳಿದದ್ದು ಏನು? ಅದನ್ನೇ ನಾನು ಈ ಟಿಪ್ಪಣಿಗಳಲ್ಲಿ ಹಿಡಿಯಲು ನೋಡುತ್ತಿರುವುದು. ಮಾತಿನ ಯಾವ ಅಕ್ಷರದ ಮೇಲೆ ಪೆಟ್ಟು ಬೀಳಬೇಕು, ಎಲ್ಲಿ ಮದ್ದಳೆಗೆ ಬಿಟ್ಟುಕೊಡಬೇಕು, ಯಾವ ಶಬ್ದವನ್ನು ಇನ್ನೊಮ್ಮೆ ಎತ್ತಿದರೆ ಎದುರು ಕೂತವನ ಬಾಯಲ್ಲಿ ಅರ್ಥ ಏಳುತ್ತದೆ ಎಂಬುದಿರಬೇಕು.

*

ಮೊದಲ ಪ್ರಯೋಗ. ಸುಳ್ಯ ದಾಟಿ ಒಳಗಿನ ಒಂದು ಮನೆ. ರಿಹರ್ಸಲ್ ಇಲ್ಲ. ಭಾಗವತರು ಪದ್ಯಗಳ ಜೆರಾಕ್ಸ್ ಪ್ರತಿಯನ್ನು ಕಾಫಿ ಕುಡಿಯುತ್ತ ನೋಡಿದ್ದೇ ತಯಾರಿ. ಅಲ್ಲಲ್ಲಿ ಪೆನ್ನಿನಲ್ಲಿ ಗೀಟು ಎಳೆದರು. ಹುಡುಗ ಕಂಬಕ್ಕೆ ಒರಗಿ ನಿಂತಿದ್ದ. ಕೂರು ಎಂದರೆ ಕೂರಲಿಲ್ಲ.

ಚಾವಡಿ ಸಣ್ಣದು, ಚೆಂಡೆಯ ಸದ್ದು ಜಾಸ್ತಿಯಾಯಿತು. ಮನೆಯ ಯಜಮಾನರು ಏನೂ ಹೇಳಲಿಲ್ಲ. ಚೆಂಡೆಯವರೇ ಹೊರಗಿನ ಜಗಲಿಗೆ ಸರಿದು ಕೂತು ಅಲ್ಲಿಂದ ನುಡಿಸಿದರು. ದೂರದಿಂದ ಬಂದ ಆ ಚೆಂಡೆ ದಂಗೆಯ ಕಥೆಗೆ ಬಹಳ ಒಪ್ಪಿತು. ಇದನ್ನು ಯಾರೂ ಬರೆದಿರಲಿಲ್ಲ.

ಭತ್ತವೊಲ್ಲರು ಬಂತು. ಪುಸ್ತಕದಲ್ಲಿ ಮುಖಾರಿ. ಭಾಗವತರು ಸಾವೇರಿ ಹಿಡಿದರು. “ಹಣವ” ಎಂಬಲ್ಲಿ ನಿಂತು, ಅದನ್ನೇ ಮತ್ತೆ ಮತ್ತೆ ಎತ್ತಿದರು, ಪ್ರತಿ ಸಲ ಸ್ವಲ್ಪ ಮೇಲಕ್ಕೆ. ಮದ್ದಳೆಯವರು ಆ ಮೂರು ಮಾತ್ರೆಗೆ ಬೇರೆ ಬೇರೆ ಪೆಟ್ಟು ಕೊಟ್ಟರು. ಅಡಿಕೆ ಕೃಷಿಕರೊಬ್ಬರು ನನ್ನ ಪಕ್ಕ ಕೂತಿದ್ದರು, “ಈಗ್ಲೂ ಹಾಗೆಯೇ” ಎಂದು ಗೊಣಗಿದರು. ಹುಡುಗನ ಮುಖ ನೋಡಿದೆ. ತಾನು ಬರೆದದ್ದನ್ನು ಮೊದಲ ಬಾರಿ ಕೇಳುತ್ತಿರುವವನ ಮುಖ, ಅಕ್ಷರಶಃ.

ಆಮೇಲೆ ಎಡವಟ್ಟು. ದಂಗೆಯ ಮುಂದಾಳು ರಾಮಯ್ಯ ಗೌಡರ ಅರ್ಥ ಹೇಳಿದವರು ತೆರಿಗೆಯ ವಿಷಯಕ್ಕೆ ಇಳಿದರು, ಏಳಲೇ ಇಲ್ಲ. ಮಾತು ಒಳ್ಳೆಯದೇ, ಗಡಿಯಾರ ಮಾತ್ರ ಓಡಿತು. ಬೆಳ್ಳಾರೆಯ ಖಜಾನೆ ವಶವಾಗುವ ಪದ್ಯಗಳು ಹಾರಿಹೋದವು. ದಂಗೆಕೋರರು ಏಪ್ರಿಲ್ 5ಕ್ಕೆ ಮಂಗಳೂರು ಸೇರಿ ಬಾವುಟಗುಡ್ಡೆಯಲ್ಲಿ ಬಾವುಟ ಏರಿಸುವುದು ಒಂದೇ ಭಾಮಿನಿಯಲ್ಲಿ, ತಾಳವಿಲ್ಲದೆ, ಉಸಿರು ಹಿಡಿದು ಮುಗಿಯಿತು. ಕಥೆ ಮುಂದೆ ಹೋಗಲಿಕ್ಕೆ ಭಾಮಿನಿ ಎಂದಿದ್ದರಲ್ಲ, ಹೋಯಿತು, ಓಡುತ್ತ.

ಕಲೆಕ್ಟರನಿಗೆ ಕೊನೆಗೆ ಘಂಟಾರವ. ಶಂಕರಾಭರಣದ ನೆನಪೂ ಯಾರಿಗೂ ಇರಲಿಲ್ಲ. ಕಲೆಕ್ಟರನ ಅರ್ಥಧಾರಿ ಹಳಗನ್ನಡದ ಹತ್ತಿರದ ಭಾಷೆಯಲ್ಲಿ ಕಂಪೆನಿಯ ರಾಜನೀತಿ ಹೇಳಿದರು. ಒಬ್ಬರೂ ನಗಲಿಲ್ಲ. ನನಗೆ ನಗು ಬಂತು, ತಡೆದುಕೊಂಡೆ.

*

ಊಟಕ್ಕೆ ಕೂತಾಗಿನ ಮಾತುಗಳು. “ಪದ್ಯ ಲಾಯ್ಕುಂಟು.” “ಉದ್ದ ಆಯ್ತು.” “ಈ ದಂಗೆಯ ಕಲ್ಯಾಣಸ್ವಾಮಿಯದ್ದು ನಿರಂಜನರ ಕಾದಂಬರಿ ಉಂಟಲ್ವಾ? ಅವರು ಇಲ್ಲೇ ಕುಳ್ಕುಂದದವರು.” ಸಾವೇರಿಯನ್ನು ಹೊಗಳಿದವರೆಲ್ಲ ಭಾಗವತರಿಗೆ ಹೇಳಿದರು. ಉದ್ದ ಎಂದವರೆಲ್ಲ ಹುಡುಗನಿಗೆ ಹೇಳಿದರು.

*

ಮರುವಾರ ಅವನ ಪುಸ್ತಕ ಮತ್ತೆ ನೋಡಿದೆ. ಮುಖಾರಿ ಅಳಿಸಿ ಸಾವೇರಿ ಎಂದು ಬರೆದಿದ್ದಾನೆ. “ಹಣವ” ಕೆಳಗೆ ಗೀಟು, ಬದಿಯಲ್ಲಿ: ಎತ್ತುಗಡೆಗೆ ಜಾಗ. ಚೆಂಡೆ ಹೊರಗಿಂದ ಎಂದೂ ಬರೆದಿದ್ದಾನೆ! ಅಲ್ಲಿಗೆ ಮೊದಲ ಪ್ರಯೋಗ ಮುಗಿದ ಮೇಲೆ ಕೃತಿ ಬರೆಯಲು ಶುರು ಮಾಡಿದ್ದಾನೆ ಎಂದಾಯಿತು. ಯಾರೋ ಫೋನಿನಲ್ಲಿ ಹಿಡಿದ ಧ್ವನಿಮುದ್ರಿಕೆಯನ್ನು ನಿಲ್ಲಿಸಿ ನಿಲ್ಲಿಸಿ ಕೇಳುತ್ತಾನೆ. ಹಳೆಯ ಪದ್ಯಗಳ ಮಟ್ಟುಗಳನ್ನು ಬಲ್ಲವರಿಂದ ಹಾಡಿಸಿ ಕಾಪಿಟ್ಟ ಮಟ್ಟುಕೋಶ ಈಗ ಕೈಗೆ ಸಿಗುತ್ತದೆ. ತನ್ನದನ್ನೂ ಹಾಗೆ ಇಡಬಹುದಲ್ಲ ಎಂದ. ಯಾವುದನ್ನು ಇಡುತ್ತಿ, ಮುಖಾರಿಯನ್ನೋ ಸಾವೇರಿಯನ್ನೋ ಎಂದೆ. “ಮುಖಾರಿಯಲ್ಲಿ ಯಾರೂ ಹಾಡ್ಲೇ ಇಲ್ವಲ್ಲ” ಎಂದ.

ಆ ಮುಖಾರಿ ಎಲ್ಲಿದೆ ಹಾಗಾದರೆ? ಅವನ ತಲೆಯಲ್ಲಿ ಇದ್ದದ್ದು ನಿಜ. ಒಮ್ಮೆ ನನ್ನೆದುರು ಗುನುಗಿದ್ದ. ಚೆನ್ನಾಗಿಯೇ ಇತ್ತು.

*

ಎರಡನೆಯ ಪ್ರಯೋಗ ಬೆಳ್ಳಾರೆಯ ಹತ್ತಿರ, ಭಾಗವತರು ಬೇರೆ. ಅವರು ಪ್ರತಿ ತರಿಸಿ ಓದಿ ಫೋನು ಮಾಡಿದ್ದಾರೆ. ಖಜಾನೆಯ ಪದ್ಯ ಬಿಡುವ ಹಾಗಿಲ್ಲವಂತೆ, ಬೆಳ್ಳಾರೆಯವರು ಕೇಳಲು ಬರುವುದೇ ಅದಕ್ಕೆ. ಸಾವೇರಿಯ ಬಗ್ಗೆ ಏನೂ ಹೇಳಲಿಲ್ಲ. ಇನ್ನೊಂದು ತಕರಾರು ಅವರದು: ಕಣ್ಣೂರಿನಿಂದ ಸೈನ್ಯ ಬಂತು, ದಂಗೆ ಮುರಿಯಿತು, ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ಮುಂದೆ ನಿಂತಿದ್ದ ಪುಟ್ಟಬಸಪ್ಪ ಮೊದಲಾದವರಿಗೆ ಬಿಕರ್ನಕಟ್ಟೆಯಲ್ಲಿ ಗಲ್ಲಾಯಿತು, ಅಲ್ಲಿಂದ ನೇರ ಮಂಗಳಪದ ಹಾಡಲು ತನ್ನ ನಾಲಿಗೆ ಏಳುವುದಿಲ್ಲ. ನಡುವೆ ಒಂದು ಪದ್ಯ ಬೇಕು, ಎರಡು ಸಾಲಾದರೂ ಸಾಕು.

ಹುಡುಗ ನಿನ್ನೆಯಿಂದ ಅದರ ಮೇಲೆ ಕೂತಿದ್ದಾನೆ. ಝಂಪೆಯಲ್ಲಿ ಒಂದು ಬರೆದು ಹರಿದ. ದ್ವಿಪದಿಯಾದರೆ ಹೇಗೆ ಎಂದು ರಾತ್ರಿ ಹನ್ನೊಂದಕ್ಕೆ ನನ್ನನ್ನು ಕೇಳಿದ. ನನ್ನ ಅಭಿಪ್ರಾಯಕ್ಕೆ ಕಾಯದೆ ಫೋನು ಇಟ್ಟ. ತಲೆಯ ಮೇಲೆ ರಾಗದ ಹೆಸರು ಹಾಕುತ್ತೀಯೋ ಇಲ್ಲವೋ ಎಂದು ಕೇಳಬೇಕಿತ್ತು.